ಕುತ್ತಿಗೆಯ ನೆಟಿಗೆ

"ಯಲಬುರ್ಗಾಕ್ಕ ಇದ ದಾರಿ ಏನ್ರಿ?" ದಾರಿ ತಪ್ಪಿದ್ದ ನಾನು ಕಾರಿನಿಂದಿಳಿದು ಕೇಳಿದ್ದು ಬೇವಿನ ಮರದಡಿಯ ಕ್ಷೌರಿಕನನ್ನು. ಅವನ ಎರಡೂ ಕೈಯಲ್ಲಿ ಒಬ್ಬ ಅಜ್ಜನ ತಲೆಯಿತ್ತು.

"ತಡೀರಿ ಅಕ್ಕಾರ, ದಾಡಿ ಮುಗದೈತಿ. ಅಜ್ಜಾರ ಕುತ್ತಿಗಿ ನೆಟಗಿ ತಗದು ಹೇಳ್ತೀನಿ."

"ಲಟಕ್ ಅನ್ನಂಗ ತಗಿಯೋ," ಎಂದ ಅಜ್ಜ. "ಹ್ವಾದ ಸಲ ತಗದಾಗ ಎಡಗೈ ತಾಸೊತ್ತು ಜೋಮು ಹಿಡದಿತ್ತು. ಭಾಳ ಹಗುರಾತು."

ನಾನು ಕ್ಷೌರಿಕನ ಮುಂಗೈ ಹಿಡಿದುಬಿಟ್ಟೆ. ಕುತ್ತಿಗೆಯ ರಕ್ತನಾಳ ಮೊದಲೇ ಕೊಬ್ಬು ಕಟ್ಟಿ ಕಿರಿದಾಗಿದ್ದರೆ ಇಂಥ ಒಂದು ತಿರುಚಿಗೇ ಲಕ್ವಾ ಹೊಡೆಯಬಹುದೆಂದು ನನ್ನದೇ ಕುತ್ತಿಗೆ ನೋಡಿ ಡಾಕ್ಟರು ಹೆದರಿಸಿದ್ದರು. ಅದನ್ನೇ ಹೇಳಿದೆ.

"ಇಪ್ಪತ್ತು ವರ್ಷದಾಗ ಒಬ್ರೂ ತಕರಾರು ಮಾಡಿಲ್ರಿ," ಎಂದ ಅವನು.

"ಲಕ್ವಾ ಹೊಡದವ್ರಿಗೆ ತಕರಾರು ಮಾಡಾಕ ನಾಲಿಗಿ ಹೊಳ್ಳಬೇಕಲ್ಲೋ ತಮ್ಮಾ."

ನನ್ನ ಈ ಮಾತಿಗೆ ಅಜ್ಜ ಕುರ್ಚಿ ಬಿಟ್ಟೆದ್ದ. ಯಲಬುರ್ಗಾ ಮರೆತು, ಅವನನ್ನು ಕಾರಿನಲ್ಲಿ ಕೂರಿಸಿಕೊಂಡು, ಅವನೇ ತೋರಿಸಿದ ದಾರಿಯಲ್ಲಿ ಕೊಪ್ಪಳದ ಆಸ್ಪತ್ರೆಗೆ ಹೋದೆ. ಸ್ಕ್ಯಾನಿನಲ್ಲಿ ಕುತ್ತಿಗೆಯ ನಾಳ ಮುಕ್ಕಾಲು ಕಟ್ಟಿತ್ತು. ಡಾಕ್ಟರು ಮಾತ್ರೆ ಬರೆದು, ಇನ್ನು ಕುತ್ತಿಗೆ ತಿರುವಿಸಿಕೊಂಡರೆ ಜೋಮಿಗೆ ನಿಲ್ಲುವುದಿಲ್ಲ ಎಂದರು.

ಹೊರಗಿನ ಬೆಂಚಿನಲ್ಲಿ ಅಜ್ಜ ಮುಖ ಗಂಟು ಹಾಕಿಕೊಂಡು ಕೂತಿದ್ದ. "ಜೀವ ಉಳಿಸಿದಿ, ಛಲೋ ಆತವ್ವಾ. ಆದ್ರ ನನ್ನ ನೆಟಗಿ ತಪ್ಪಿಸಿದಾಕಿ ನೀನ. ಅದು ನಿನ್ನ ಮ್ಯಾಲ ಬಾಕಿ ಐತಿ."

ಮಾತು ನ್ಯಾಯವಾಗಿತ್ತು. ಪಕ್ಕದಲ್ಲಿ ಕೂತು ಅವನ ಹತ್ತೂ ಬೆರಳುಗಳ ನೆಟಿಗೆ ತೆಗೆದೆ. ಎಂಟು ಸದ್ದು ಮಾಡಿದವು. ಹೆಬ್ಬೆರಳು ಎರಡೂ ಎಷ್ಟು ಎಳೆದರೂ ತುಟಿ ಪಿಟಕ್ಕೆನ್ನಲಿಲ್ಲ. ಅವನ್ನು ಅಜ್ಜ ದೊಡ್ಡ ಮನಸ್ಸು ಮಾಡಿ ಮಾಫ್ ಮಾಡಿದ.