ಮುಳವಾಡದ ಕಾಲುವೆ ದಂಡೆಯ ಗಾಲಿ ಗುರುತು

ದೆವ್ವ ಕಂಡೆವೆನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ತಿರಸ್ಕಾರ. ಬಲ್ಬು ಹೇಗೆ ಉರಿಯುತ್ತದೆಂದು ಗೊತ್ತಿಲ್ಲದವರಿಗೆ ದೆವ್ವದ ಸೀರೆಯ ಅಂಚಿನ ಬಣ್ಣ ಮಾತ್ರ ಗೊತ್ತಿರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಹೇಳುತ್ತಿದ್ದೆ. ಈಗಲೂ ಆ ಅಭಿಪ್ರಾಯ ಬದಲಾಗಿಲ್ಲ. ಇದನ್ನು ಓದಿ ನೀವು ನನ್ನನ್ನೂ ಅವರ ಸಾಲಿಗೆ ಸೇರಿಸಿದರೆ ಸೇರಿಸಿ.

ಆಗ ನಾನು ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ತುಮಕೂರಿನವಳಿಗೆ ಅದು ಪರದೇಶವೇ. ಅಲ್ಲಿನವರು ಕುಶಲ ವಿಚಾರಿಸಿದರೂ ಜಗಳಕ್ಕೆ ಬಂದಂತೆ ಕೇಳುತ್ತಿತ್ತು. ನಲವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಕೊಂಡೆ. "ಸ್ಕೂಟಿ ಸಾಲದೇನ್ರಿ ಮೇಡಂ?" ಎಂದು ನಕ್ಕ ಸಹೋದ್ಯೋಗಿಗಳ ಮುಖ ನೋಡಿಯೇ ಹಠ ಹುಟ್ಟಿತ್ತು. ಓಡಿಸಲು ಕಲಿಸಿದವಳು ಇತಿಹಾಸದ ಶಾಹೀನ್. ಅವಳ ತವರುಮನೆ ಮುಳವಾಡದಾಚೆ, ಹೊಲದಲ್ಲಿ. ಒಂದು ಭಾನುವಾರ ಅಲ್ಲಿಗೆ ಊಟಕ್ಕೆ ಕರೆದಳು. ಊರು ಬಿಟ್ಟು ಹೊರಗೆ ಗಾಡಿ ಓಡಿಸಿದ್ದು ಅದೇ ಮೊದಲು.

ಮುಳವಾಡ ದಾಟಿ ಒಂದು ಚಹಾದಂಗಡಿಯ ಮುಂದೆ ದಾರಿ ಕೇಳಲು ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು, "ಯಾಕ್ರಿ ಅಕ್ಕಾರ, ಹೊಳ್ಳಿ ಬಂದ್ರಿ? ಕಾಲುವಿ ಗುಂಟ ಹೋಗ್ರಿ ಅಂತ ಆಗಳೇ ಹೇಳಿದ್ನೆಲ್ರಿ" ಎಂದ.

"ನಾನು ಈಗ ತಾನೇ ಬರ್ತಾ ಇದೀನಿ."

"ಇದ ಗಾಡಿ, ಇದ ಕೆಂಪ ಹೆಲ್ಮೆಟ್ಟು. ಹೆಣ್ಣಮಕ್ಳು ಇಂಥಾ ಗಾಡಿ ಹೊಡಕೊಂಡ ಈ ಕಡಿ ಮತ್ಯಾರು ಬರ್ತಾರ್ರಿ?"

ಅಲ್ಲಿ ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ಹೆಂಗಸು ಬೈಕು ಹತ್ತಿದರೆ ಇವರಿಗೆಲ್ಲ ತಮಾಷೆ ಎಂದುಕೊಂಡೆ. "ಬೇರೆ ಕೆಲಸ ಇಲ್ವಾ ನಿಮಗೆ?" ಎಂದು ಗದರಿಸಿ ಕಾಲುವೆಯ ಕಡೆ ಗಾಡಿ ತಿರುಗಿಸಿದೆ.

ದಂಡೆಯ ದಾರಿ ನಿರ್ಜನವಾಗಿತ್ತು. ಸುಡುವ ಮಧ್ಯಾಹ್ನ. ಒಂದು ತಿರುವಿನಲ್ಲಿ ನೀರು ಬಸಿದು ಎರೆಮಣ್ಣು ಕೆಸರಾಗಿತ್ತು. ಅದರ ಮೇಲೆ ಒಂದೇ ಒಂದು ಬೈಕಿನ ಹಸಿ ಗುರುತು. ಅಕ್ಕಪಕ್ಕ ಎರಡೂ ಕಾಲು ಎಳೆದ ಗೆರೆಗಳು; ಹೊಸದಾಗಿ ಕಲಿತವರು ಮಾತ್ರ ಹಾಗೆ ಓಡಿಸುತ್ತಾರೆ. ಗುರುತು ಅಡ್ಡಾದಿಡ್ಡಿಯಾಗಿ ಹೋಗಿ, ದಂಡೆಯಂಚಿಗೆ ತಿರುಗಿ, ಅಲ್ಲಿಗೇ ಮುಗಿದಿತ್ತು. ಕೆಳಗೆ ಕಂದು ನೀರು ತುಂಬಿ ಹರಿಯುತ್ತಿತ್ತು.

ಇಳಿದು ಬಗ್ಗಿ ನೋಡಿದೆ. ನನ್ನ ಎಡಗಾಲಿನ ಬೂಟಿನ ಹಿಮ್ಮಡಿಗೆ ಮೋಚಿ ಓರೆಯಾಗಿ ಗೀರು ಬಿದ್ದ ಸೈಕಲ್ ಟೈರಿನ ತುಂಡು ಹೊಡೆದುಕೊಟ್ಟಿದ್ದ. ಕೆಸರಿನಲ್ಲಿ ಎಳೆದ ಗೆರೆಯ ಕೊನೆಗೆ ಮೂಡಿದ್ದ ಎಡಗಾಲಿನ ಹೆಜ್ಜೆಯಲ್ಲೂ ಅದೇ ತುಂಡು, ಅದೇ ಗೀರು. ಪಕ್ಕದಲ್ಲಿ ನನ್ನ ಕಾಲಿಟ್ಟು ನೋಡಿದೆ. ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಅಷ್ಟರಲ್ಲಿ ತೊಗರಿ ಹೊಲದಿಂದ ಒಬ್ಬ ಮುದುಕಿ ಬೊಬ್ಬೆ ಹಾಕುತ್ತ ಓಡಿಬಂದಳು. ಹಿಂದೆ ನಾಲ್ಕೈದು ಜನ. ನನ್ನನ್ನು ನೋಡಿದವಳೇ ಗಕ್ಕನೆ ನಿಂತಳು. ಮೆಲ್ಲಗೆ ಹತ್ತಿರ ಬಂದು ನನ್ನ ತೋಳು ಹಿಸುಕಿ, ಕುರ್ತಾದ ಅಂಚು ಮುಟ್ಟಿ ನೋಡಿದಳು.

"ನೀರಾಗ ಬಿದ್ದಿದ್ದು ನಾ ಕಣ್ಣಾರೆ ನೋಡೇನಿ. ನಿನ್ನ ಅರಿವಿ ಯಾಕ ತೊಯ್ದಿಲ್ಲ, ತಂಗಿ?"

ಸುದ್ದಿ ತಿಳಿದು ಶಾಹೀನ್ ಬಂದಳು, ಅವಳಣ್ಣಂದಿರು ಬಂದರು. ಈಜು ಬಲ್ಲವರು ಸಂಜೆಯವರೆಗೆ ಕಾಲುವೆ ಜಾಲಾಡಿದರು. ಗಾಡಿಯೂ ಇಲ್ಲ, ಹೆಣವೂ ಇಲ್ಲ. ಸುತ್ತಮುತ್ತಲಿನ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ವಿವರಣೆಗಳ ಸಂತೆ. ಬಿಸಿಲಿನ ಭ್ರಮೆ ಎಂದರೊಬ್ಬರು. ಶಾಂತಿ ಮಾಡಿಸಿ ಎಂದರು ಇನ್ನೊಬ್ಬರು. ಇಬ್ಬರ ಮಾತೂ ಅಷ್ಟೇ ಟೊಳ್ಳೆನಿಸಿತು. ಬಿಸಿಲು ಕೆಸರಿನಲ್ಲಿ ಬೂಟಿನ ಗುರುತು ಮೂಡಿಸುವುದಿಲ್ಲ.

ಮುಂದಿನ ವಾರ ಬಸ್ಸಿನಲ್ಲಿ ಅದೇ ಚಹಾದಂಗಡಿಗೆ ಹೋದೆ. ಆ ದಿನ ನನಗಿಂತ ಮೊದಲು ಬಂದಿದ್ದವಳ ಮುಖ ಸರಿಯಾಗಿ ನೋಡಿದ್ದೆಯಾ ಎಂದು ಅವನನ್ನು ಕೇಳಿದೆ.

"ನೀವ ಅದೀರಿ, ಖರೆ," ಎಂದ ಅವನು. ಮತ್ತೆ ನನ್ನನ್ನು ನೋಡಿ, "ಆದ್ರ ಮೊದಲನೇ ಸಲ ಬಂದಾಗ ಭಾಳ ನಕ್ಕೋಂತ ಮಾತಾಡಿದ್ರಿ, ಅಕ್ಕಾರ. ಹಿಂಗ ಸಿಡುಕಿದ್ದಿಲ್ರಿ" ಎಂದ.

ಅವಳು ಯಾರು, ಎಲ್ಲಿಗೆ ಹೋದಳು, ನನಗೆ ಇಂದಿಗೂ ಗೊತ್ತಿಲ್ಲ.