ಕುಡಿಯದವನ ಲಿವರ್

ನಮ್ಮಪ್ಪ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆಗ ಎಷ್ಟು ಬಾಯಿ ಬಡ್ಕೊಂಡ್ರೂ ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ಯಾದಗಿರಿ ಕಡೆಯಿಂದ ಬಂದು ಜೋಗುಪಾಳ್ಯದ ವಠಾರದಲ್ಲಿ ಒಂದು ರೂಮ್ ಹಿಡಿದಿದ್ವಿ. ಅಪ್ಪ ಮಹದೇವಪುರದ ಕಡೆ ಗಾರೆ ಕೆಲಸ ಮಾಡ್ತಿದ್ದ. ಎರಡು ಸಾವಿರದ ಇಸವಿ ಆಚೀಚೆ ಅವನ ಹೊಟ್ಟೆ ಊದಿಕೊಳ್ತು, ಕಾಲು ಬಾತವು. ಶಿವಾಜಿನಗರದಲ್ಲಿ ಸ್ಕ್ಯಾನ್ ಮಾಡಿದವನು ಲಿವರ್ ತುಂಬ ಕೊಬ್ಬು ಕಟ್ಟಿ ಗಟ್ಟಿಯಾಗಿದೆ ಅಂದ. ಆಮೇಲೆ ನಕ್ಕೊಂಡು, "ಇನ್ನಾದ್ರೂ ಬಾಟ್ಲಿ ಬಿಡಪ್ಪ" ಅಂದ. ಜೊತೆಗೆ ಬಂದಿದ್ದ ಮಾಮಾ, ಅಂದ್ರೆ ಅವ್ವನ ತಮ್ಮ, ಅದನ್ನ ಕೇಳಿಸ್ಕೊಂಡ.

ವಠಾರ ತಲುಪಿದ್ದೇ ತಡ, ಮಾಮಾ ನಲ್ಲಿ ಹತ್ರ ಅಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೆ ಜಪ್ಪಿದ. "ಕುಡ್ದು ಕುಡ್ದು ಲಿವರ್ ಸುಟ್ಕೊಂಡಿ! ನಮ್ಮಕ್ಕನ ಬಾಳೇವು ಹಾಳ್ ಮಾಡಿದಿ!" ಚಪ್ಪಲಿ ಕಿತ್ತು ಮುಖಕ್ಕೆ ಬಾರಿಸಿದ. ಅಪ್ಪನ ತುಟಿ ಒಡೆದು ರಕ್ತ ಬಂತು. "ಖರೇನೂ ನಾ ಕುಡಿಯಂಗಿಲ್ಲೋ ತಮ್ಮಾ" ಅಂತ ಕೈ ಮುಗಿದ್ರೆ, ಆ ಊದಿದ ಹೊಟ್ಟೆಗೇ ಒದ್ದ. ವಠಾರಕ್ಕೆ ವಠಾರವೇ ನಿಂತು ನೋಡ್ತು. ನಾನಿನ್ನೂ ಲಂಗ ಹಾಕೋ ಹುಡುಗಿ, ಹೋಗಿ ಮಾಮಾನ ಕೈ ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ಬಕೆಟ್ ಮೇಲೆ ಹೋಗಿ ಬಿದ್ದೆ.

ಅವತ್ತಿಂದ ಅಪ್ಪ ಒಳಗೆ ಬಂದ ಕೂಡಲೇ ಅವ್ವ ಅವನ ಬಾಯಿ ಮೂಸೋಳು. ವಾಸನೆ ಸಿಗದಿದ್ರೆ ಇನ್ನೂ ಸಿಟ್ಟು. "ಏನ್ ತಿಂದು ವಾಸನಿ ಮುಚ್ಚೀರಿ?" ಅಂತ ತಟ್ಟೆ ಎಸೆಯೋಳು. ಅಪ್ಪ ಚೆಲ್ಲಿದ ಅನ್ನ ಬಳ್ಕೊಂಡು ತಿನ್ನೋನು. ಥೂ, ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಕೊನೆಗೆ ನಾನೇ ಅವನನ್ನ ಇಂದಿರಾನಗರದ ಒಬ್ಬ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದೆ. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ ಅಂತ ಆಕೆ ಕೇಳಿದ್ರು. ಆಗಿತ್ತು! ಅಪ್ಪನ ಸ್ವಂತ ಅಕ್ಕ ಹೀಗೇ ಹೊಟ್ಟೆ ಊದಿ ಸತ್ತಿದ್ದಳು. ನಮ್ಮಲ್ಲಿ ಅಕ್ಕನ ಮಗಳನ್ನೇ ತಮ್ಮನಿಗೆ ಕೊಡ್ತಾರೆ. ಹಂಗಾಗಿ ಆಕೆ ಅವ್ವನಿಗೂ ಮಾಮಾನಿಗೂ ಹೆತ್ತ ತಾಯಿ. ಅವಳೇನು ಕುಡೀತಿದ್ಲಾ?

"ಕೊಬ್ಬು ತಯಾರು ಮಾಡು ಅಂತ ಲಿವರ್‌ಗೆ ಹೇಳೋ ಜೀನ್ ಇರುತ್ತೆ," ಅಂದ್ರು ಡಾಕ್ಟರಮ್ಮ. "ಕೆಲವು ಮನೆತನದಲ್ಲಿ ಅದು ಸಾಕು ಅನ್ನಲ್ಲ, ಹೇಳ್ತಾನೇ ಇರುತ್ತೆ. ಕುಡೀಲೇಬೇಕು ಅಂತೇನಿಲ್ಲ. ನಿಮ್ಮಲ್ಲೂ ಅದೇ ಇರ್ಬಹುದು. ರಕ್ತಸಂಬಂಧಿಗಳೆಲ್ಲ ಟೆಸ್ಟ್ ಮಾಡಿಸ್ಕೊಳ್ಳಿ."

ಓಡಿಬಂದು ಮಾಮಾಗೆ ಹೇಳಿದ್ರೆ, ನನ್ನ ಕೆನ್ನೆಗೂ ಒಂದು ಬಿತ್ತು. "ಕುಡುಕನಿಗಿ ಡಾಕ್ಟರ್ ಸರ್ಟಿಫಿಕೇಟ್ ಬ್ಯಾರೆ ಕೇಡು!"

ಮುಂದಿನ ವರ್ಷ ಅದೇ ಮಾಮಾ ನಮ್ಮ ಬಾಗಿಲಲ್ಲಿ ನಿಂತಿದ್ದ. ಕಣ್ಣು ಹಳದಿ, ಕೈಯಲ್ಲಿ ಸ್ಕ್ಯಾನ್ ಕವರ್. ವೈನ್ ಶಾಪ್ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗೋ ಮನುಷ್ಯ ಅವನು. ಅವ್ವ ಒಲೆ ಮುಂದೆ ಇದ್ದಳು. ಅವಳಿಗೆ ಕೇಳಿಸದ ಹಾಗೆ ನನಗೆ ಪಿಸುಗುಟ್ಟಿದ: "ಯಾರಿಗೂ ಹೇಳಬ್ಯಾಡವ್ವ. ಕುಡುಕ ಅಂತಾರ."

ಹೊಸ್ತಿಲಲ್ಲಿ ಬಿದ್ದಿದ್ದ ಚಪ್ಪಲಿ ತಗೊಂಡು ಅವನ ಮುಖಕ್ಕೆ ಒಂದು ಬಿಟ್ಟೆ. ಇನ್ನೊಂದು ಬಿಡೋಕೆ ಕೈ ಎತ್ತಿದಾಗ, ಚಾಪೆ ಮೇಲೆ ಮಲಗಿದ್ದ ಅಪ್ಪ, ಎದ್ದು ಕೂರೋಕೂ ಆಗದವನು, ನನ್ನ ಲಂಗ ಹಿಡಿದೆಳೆದ.

"ಹೊಡೀಬ್ಯಾಡವ್ವ," ಅಂದ, ಅವ್ವನಿಗೂ ಕೇಳೋ ಹಾಗೆ. "ಅಂವ ಕುಡಿಯಂಗಿಲ್ಲ."