ಬಚ್ಚಲ ಬಾಗಿಲಿಗೆ ಕಿವಿಯಿಟ್ಟ ಮಗು

ಮೊನ್ನೆ ಸೌದಿಯ ಜುಬೈಲಿನಲ್ಲಿ ನಮ್ಮ ಕರಾವಳಿಯವರ ಸಭೆಯೊಂದಿತ್ತು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು. 'ಸಾಮಾಜಿಕ ಉದ್ಯಮಿ' ಎಂದರು. ನಮ್ಮ ಪುಟ್ಟ ಮಕ್ಕಳಿಗೆ ಮಾತು ಕಲಿಸಿದವರು ಎಂದೂ ಸೇರಿಸಿದರು. ಜನ ಚಪ್ಪಾಳೆ ತಟ್ಟುತ್ತಿದ್ದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾತು ಕಲಿಸಿದ್ದಂತೆ! ನಾನು ಒಂದು ಮಗುವಿನ ಬಾಯಿ ಮುಚ್ಚಿಸಿದ್ದು ಅವರಿಗೆ ಗೊತ್ತಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು ಗಂಡನ ಇಕಾಮಾದ, ಅಂದರೆ ಇಲ್ಲಿನ ವಾಸದ ಪರವಾನಗಿಯ, ಬಾಲಂಗೋಚಿಯಾಗಿ. ಅವರು ಪ್ಲಾಂಟಿಗೆ ಹೋದ ಮೇಲೆ ಫ್ಲಾಟಿನ ಗೋಡೆ ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ಊರಿನಲ್ಲಿ ಬಾಲವಾಡಿ ನಡೆಸಿದವಳು. ನಡುಮನೆಯ ಸೋಫಾ ಬದಿಗೆ ಸರಿಸಿ ಐದು ಮಕ್ಕಳನ್ನು ಕೂರಿಸಿಕೊಂಡೆ. ಆಮೇಲೆ ಒಬ್ಬ ಸೌದಿ ಮಹಿಳೆ ಜೊತೆಯಾದರು. ಶಿಶುವಿಹಾರದ ಪರವಾನಗಿ ಅವರ ಹೆಸರಿನಲ್ಲಿ, ದುಡಿಮೆ ನಮ್ಮದು. ಮನೆಯಲ್ಲೇ ಇರುತ್ತಿದ್ದ ತಾಯಂದಿರಿಗೆ ತರಬೇತಿ ಕೊಟ್ಟು ಟೀಚರ್ ಮಾಡಿದೆ. ದೊಡ್ಡ ಶಿಶುವಿಹಾರಗಳ ಮೆಟ್ಟಿಲು ಹತ್ತಲಾರದವರು ನಮ್ಮಲ್ಲಿಗೆ ಬಂದರು. ಇಷ್ಟರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಆದರೆ ಅವರು ಬರುತ್ತಿದ್ದದ್ದು ಮಕ್ಕಳು ಆಡಲಿ ಎಂದಲ್ಲ. ಇಲ್ಲಿನ ಒಂದು ಶಾಲೆಯಲ್ಲಿ ಎಲ್‌ಕೆಜಿ ಸೇರಲು ಮೂರೂವರೆ ವರ್ಷದ ಮಗು ಇಂಟರ್‌ವ್ಯೂ ಕೊಡಬೇಕು, ಅದೂ ಇಂಗ್ಲಿಷಿನಲ್ಲಿ. ಬೇರೆ ಶಾಲೆಗಳು ನಮ್ಮವರ ಕೈಗೆಟುಕುವಂಥವಲ್ಲ. ಸೀಟು ಸಿಕ್ಕರೆ ಸಂಸಾರ ಇಲ್ಲಿ ಉಳಿಯುತ್ತದೆ. ಸಿಗದಿದ್ದರೆ ಹೆಂಡತಿ ಮಕ್ಕಳು ಊರಿಗೆ, ಗಂಡ ಕಂಪನಿಯ ಕ್ಯಾಂಪಿಗೆ. ಒಂದು ಮನೆ ಒಟ್ಟಿಗಿರಬೇಕೋ ಬೇಡವೋ ಎಂಬುದು ಸೇಬಿನ ಬಣ್ಣ ಹೇಳಲು ಬರುವುದರ ಮೇಲೆ ತೀರ್ಮಾನವಾಗುತ್ತದೆ. ಇದಕ್ಕೆ ಕೋಪ ಬರದಿದ್ದರೆ ಇನ್ಯಾವುದಕ್ಕೆ ಬರಬೇಕು? ಆಗ ನನಗೆ ಬರಲಿಲ್ಲ. ಆ ಇಂಟರ್‌ವ್ಯೂಗೆ ಮಕ್ಕಳನ್ನು ತಯಾರು ಮಾಡುವುದರಲ್ಲೇ ನಾನು ಹೆಸರು ಗಳಿಸುತ್ತಿದ್ದೆ. 'ಮನೆಯಲ್ಲಿ ಇಂಗ್ಲಿಷ್ ಮಾತ್ರ' ಎಂದು ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಫ್ರಿಜ್ಜಿಗೆ ಅಂಟಿಸಿಕೊಳ್ಳಿ ಎಂದು ಮನೆಮನೆಗೆ ಹಂಚಿದವಳು ನಾನೇ.

ನಾನು ಬಾಯಿ ಮುಚ್ಚಿಸಿದ ಆ ಹುಡುಗಿ ಬ್ಯಾರಿ ಮನೆಯವಳು. ಅಪ್ಪನಿಗೆ ಶಿಫ್ಟ್ ಕೆಲಸ, ಅವಳು ಉಮ್ಮ ಎಂದು ಕರೆಯುವ ಅಮ್ಮ ಊರಿನಿಂದ ಬಂದು ವರ್ಷವಾಗಿತ್ತಷ್ಟೆ. ಮೊದಲ ದಿನವೇ ನನ್ನ ಮಡಿಲಿಗೆ ಒರಗಿ, ಮೆಟ್ಟಿಲ ಬಳಿಯ ಬೆಕ್ಕು ಮೀನು ಕದ್ದ ಕಥೆಯನ್ನು ಬ್ಯಾರಿಯಲ್ಲಿ ಶುರುಮಾಡಿದಳು. ನನ್ನ ಮನೆಮಾತು ತುಳು, ಬ್ಯಾರಿ ಅರ್ಧಂಬರ್ಧ. ಆದರೂ ಅವಳು ಕಣ್ಣರಳಿಸಿ, ಕೈ ತಿರುಗಿಸಿ ಹೇಳಿದ್ದು ಪೂರ್ತಿ ತಿಳಿಯಿತು. ಎಂಥಾ ಮಾತುಗಾತಿ! ನಾನೇನು ಮಾಡಿದೆ? ಅವಳ ತುಟಿಯ ಮೇಲೆ ಬೆರಳಿಟ್ಟು, "ನೋ ನೋ, ಇಂಗ್ಲಿಷ್" ಎಂದೆ.

ಎರಡು ತಿಂಗಳಲ್ಲಿ ಅವಳು ಮಾತೇ ಬಿಟ್ಟಳು. ಕೇಳಿದರೆ ತಲೆಯಾಡಿಸುತ್ತಾಳೆ, ಬೇಡದ್ದಕ್ಕೆ ಕಚ್ಚುತ್ತಾಳೆ. ನಾನು ಉಮ್ಮನನ್ನು ಕರೆದು ಗದರಿದೆ. "ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸುವುದಿಲ್ಲವಾ ನೀವು? ಇಂಟರ್‌ವ್ಯೂ ಹತ್ತಿರ ಬಂತು."

ಟರ್ಮಿಗೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗುವುದು ನಮ್ಮ ಪದ್ಧತಿ. ಒಂದು ರಜಾದಿನ ಬೆಳಿಗ್ಗೆ ಅವರಲ್ಲಿಗೆ ಹೋದೆ. ಫ್ರಿಜ್ಜಿನ ಮೇಲೆ ನನ್ನ ಹಾಳೆ ನೆಟ್ಟಗೆ ಅಂಟಿತ್ತು. ಉಮ್ಮ ಚಹಾ ಮಾಡುತ್ತಾ ಮಗಳಿಗೆ ಹೇಳಿದ್ದು ಇಷ್ಟೇ: ಕಮ್, ಸಿಟ್, ಈಟ್, ಗುಡ್, ನೋ. ಒಂದು ಗಂಟೆ ಕೂತೆ, ಆ ಮನೆಯಲ್ಲಿ ಬೇರೆ ಶಬ್ದವೇ ಹುಟ್ಟಲಿಲ್ಲ. ಅಷ್ಟರಲ್ಲಿ ಊರಿನಿಂದ ಆಕೆಯ ತಾಯಿಯ ಫೋನ್ ಬಂತು. ಫೋನ್ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಬ್ಯಾರಿಯಲ್ಲಿ ಮಾತು, ನಗು, ಏನೋ ಹುಸಿ ಜಗಳ ಕೇಳಿಸಿತು. ಮಗು ಆಟಿಕೆ ಬಿಟ್ಟು ಎದ್ದು ಹೋಯಿತು. ಬಚ್ಚಲ ಬಾಗಿಲ ಬುಡದಲ್ಲಿ ಕೂತು ಹಲಗೆಗೆ ಕಿವಿಯಿಟ್ಟಿತು. ದಿನವೂ ಅಲ್ಲೇ ಕೂರುತ್ತಿತ್ತೋ ಏನೋ, ಜಾಗ ಹುಡುಕಲಿಲ್ಲ.

ಆಕೆ ಹೊರಗೆ ಬಂದ ಮೇಲೆ ಕೇಳಿದೆ, "ಬಚ್ಚಲಿಗೆ ಯಾಕೆ ಹೋದದ್ದು?"

"ಇವಳ ಕಿವಿಗೆ ಬೀಳಬಾರದಲ್ಲ ಟೀಚರ್. ನೀವೇ ಹೇಳಿದ್ದಲ್ವಾ ಇಂಗ್ಲಿಷ್ ಮಾತ್ರ ಅಂತ? ನಂಗೆ ಬರುವುದೇ ಇಷ್ಟು. ಬರುವಷ್ಟನ್ನು ಹೇಳ್ತೇನೆ. ಮತ್ತೆ ಎಂತ ಮಾಡುವುದು?"

ನನ್ನ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅಷ್ಟು ವಿಧೇಯರಾಗಿದ್ದಕ್ಕೆ ಆಕೆಯ ಮೇಲೂ ಕೋಪ ಬಂತು. ಆ ಕೋಪಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮರುದಿನವೇ ಹಾಳೆಗಳನ್ನೆಲ್ಲ ವಾಪಸು ತರಿಸಿದೆ. ಉಮ್ಮನನ್ನು ದಿನವೂ ತರಗತಿಗೆ ಕರೆಸಿ, ಬ್ಯಾರಿಯಲ್ಲೇ ಕಥೆ ಹೇಳಿ ಎಂದೆ. ಪೋಷಕರ ಸಭೆಯಲ್ಲಿ ಅಪ್ಪಂದಿರು ನನ್ನ ಮೇಲೆ ಮುಗಿಬಿದ್ದರು. "ಬ್ಯಾರಿ, ತುಳು ಕಲಿಸ್ಲಿಕ್ಕೆ ನಿಮ್ಮಲ್ಲಿಗೆ ಕಳಿಸ್ಬೇಕಾ ಟೀಚರ್?" ಎಂದು ಒಬ್ಬರು ಎದ್ದುನಿಂತೇ ಕೇಳಿದರು. ನಾಲ್ಕು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ಹುಡುಗಿಯ ಅಪ್ಪ ಮಾತ್ರ ಬಿಡಿಸಲಿಲ್ಲ. ಮೂರನೆಯ ವಾರ ಹುಡುಗಿ ಬಾಯಿ ಬಿಟ್ಟಳು. ಬಿಟ್ಟವಳು ನಿಲ್ಲಿಸಲೇ ಇಲ್ಲ. ಆದರೆ ಇಂಗ್ಲಿಷ್ ಇನ್ನೂ ಬಂದಿರಲಿಲ್ಲ, ಇಂಟರ್‌ವ್ಯೂ ಎದುರಿಗೇ ಇತ್ತು.

ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳಿದ ಮೇಡಂ ನಮ್ಮ ಕರಾವಳಿಯವರೇ. ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಹುಡುಗಿ ಪ್ರಶ್ನೆ ಅರ್ಥಮಾಡಿಕೊಂಡಳು. ಬೆಳಿಗ್ಗೆ ಕಂಪನಿ ಬಸ್ಸು ಹಾರ್ನ್ ಹಾಕುವುದು, ಅಪ್ಪ ಶೂಸಿನ ದಾರ ಕಟ್ಟದೆ ಓಡುವುದು, ಬೇಗ ಬಾ ಎಂದು ಡ್ರೈವರ್ ಅರಬ್ಬಿಯಲ್ಲಿ 'ಯಲ್ಲಾ ಯಲ್ಲಾ' ಕೂಗುವುದು, ಎಲ್ಲವನ್ನೂ ಬ್ಯಾರಿಯಲ್ಲಿ ಹೇಳಿದಳು.

"ಅವರಿಗೆ ಅರ್ಥ ಆಗಿದೆ ಟೀಚರ್, ನಗಾಡಿದ್ರು ಕೂಡ," ಎಂದರು ಉಮ್ಮ. "ಮತ್ತೆ ಫಾರ್ಮಿನಲ್ಲಿ 'ನೋ ರೆಸ್ಪಾನ್ಸ್' ಅಂತ ಬರೆದ್ರು."

ನಾನು ನೆಟ್ಟಗೆ ಶಾಲೆಗೆ ಹೋದೆ. ಮಗು ಅಷ್ಟು ಹೇಳಿದ್ದನ್ನು ಕೇಳಿ ನಕ್ಕು, ಉತ್ತರವೇ ಕೊಡಲಿಲ್ಲ ಎಂದು ಬರೆಯಲು ಕೈ ಹೇಗೆ ಬಂತು ಎಂದು ಕೂಗಾಡಿದೆ. ವಾಚ್‌ಮನ್ ಬಂದು ನಿಂತ. ಆ ಮೇಡಂ ದನಿಯನ್ನೇ ಏರಿಸಲಿಲ್ಲ. "ನಾನೆಂತ ಮಾಡುವುದು ಮಾರಾಯ್ರೆ? ಇಂಗ್ಲಿಷ್ ಉತ್ತರ ಇದ್ರೆ ಮಾತ್ರ ಫಾರ್ಮಿನಲ್ಲಿ ಬರಿಲಿಕ್ಕೆ ಇರುವುದು," ಎಂದರು. ಸೀಟು ಸಿಗಲಿಲ್ಲ.

ಮುಂದಿನ ತಿಂಗಳೇ ಫ್ಲಾಟ್ ಖಾಲಿಯಾಯಿತು. ಹೊರಡುವ ದಿನ ಉಮ್ಮ ಮಗಳೊಂದಿಗೆ ನನ್ನ ಮನೆಗೆ ಬಂದರು. ಅಪ್ಪ ಕೆಳಗೆ ಟ್ಯಾಕ್ಸಿಯ ಪಕ್ಕ ನಿಂತಿದ್ದರು. ಇವರಿಬ್ಬರನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದು, ಸಂಜೆಯೊಳಗೆ ಕ್ಯಾಂಪಿಗೆ ಹಾಜರಾಗಬೇಕಿತ್ತು. ಆಕೆ ನನ್ನ ಎರಡೂ ಕೈ ಹಿಡಿದು, "ನೀವು ಇದ್ದದ್ದಕ್ಕೆ ಇವಳಿಗೆ ಮಾತು ವಾಪಸು ಬಂತು ಟೀಚರ್," ಎಂದು ಕಣ್ಣೊರೆಸಿಕೊಂಡರು. ನನ್ನನ್ನು ಬಯ್ಯಬೇಕಿತ್ತು ಆಕೆ. ಬಾಗಿಲಲ್ಲಿ ನಿಂತು ಇಡೀ ಬಿಲ್ಡಿಂಗಿಗೆ ಕೇಳುವಂತೆ ಬಯ್ಯಬೇಕಿತ್ತು.

ಮನೆಮಾತು ಗಟ್ಟಿಯಿದ್ದ ಎಷ್ಟೋ ಮಕ್ಕಳು ಇಂಗ್ಲಿಷನ್ನು ತಾವಾಗಿ ಎತ್ತಿಕೊಳ್ಳುವುದನ್ನು ಆಮೇಲೆ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ದಿನವೇ ನಾನು ಅವಳ ಪಾಡಿಗೆ ಅವಳನ್ನು ಮಾತಾಡಲು ಬಿಟ್ಟಿದ್ದರೆ ಆ ಸೀಟು ಅವಳಿಗೆ ಸಿಗುತ್ತಿತ್ತು. ಉಮ್ಮ ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ. ನಾನು ಇದನ್ನು ಇನ್ನೂ ಅವರಿಗೆ ಹೇಳಿಲ್ಲ.